ನಿಮ್ಮನ್ನು ನೋಡಲಾಗಿದೆ

ಆ ಕಾಯ್ದೆ ಬಂದಾಗ ನಾನೂ ಎಲ್ಲರ ಹಾಗೆ ಖುಷಿಪಟ್ಟವಳೇ. ಈಗ ಬೈಯುವುದು ಸುಲಭ. ಅದಕ್ಕೂ ಮುಂಚಿನ ಎರಡು ವರ್ಷ ನಮ್ಮ ತುಮಕೂರಿನಲ್ಲಿ ಹೆಂಗಸರು ತಾರಸಿಯ ಮೇಲೆ ಹಪ್ಪಳ ಒಣಗಿಸುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಅಂಗೈ ಅಗಲದ ಡ್ರೋನು, ಇನ್ನೂರು ಗ್ರಾಂ ತೂಕವೂ ಇಲ್ಲ, ಲೈಸೆನ್ಸ್ ಬೇಡ, ಅಂಗಡಿಯಲ್ಲಿ ಕುಕ್ಕರಿನ ಪಕ್ಕದಲ್ಲೇ ಇಟ್ಟು ಮಾರುತ್ತಿದ್ದರು. ಮದುವೆಯವರು ಹಾರಿಸಿದರು, ಸೈಟು ಮಾರುವವರು ಹಾರಿಸಿದರು, ತೋಟದವರು ತೆಂಗಿನಕಾಯಿ ಎಣಿಸಲು ಹಾರಿಸಿದರು, ಕೆಲಸವಿಲ್ಲದವರು ಸುಮ್ಮನೆ ಹಾರಿಸಿದರು. ನಮ್ಮ ಬೀದಿಯ ಕೊನೆಯ ಮನೆಯ ಬಾಣಂತಿಯೊಬ್ಬಳು ಮಗುವಿಗೆ ಎಳೆಬಿಸಿಲು ಕಾಯಿಸುತ್ತ ಕೂತಿದ್ದ ಚಿತ್ರ ಯಾರದೋ ಮೊಬೈಲಿನಿಂದ ಇನ್ಯಾರದೋ ಮೊಬೈಲಿಗೆ ಹೋಗಿ, ಊರೆಲ್ಲ ಸುತ್ತಿ, ಕೊನೆಗೆ ಅವಳ ಮನೆಗೇ ಬಂತು. ಆಮೇಲೆ ಅವಳು ತಾರಸಿ ಹತ್ತಲೇ ಇಲ್ಲ.

ಅಂಥ ಹೊತ್ತಿನಲ್ಲಿ ಬಂದದ್ದು ನೋಟದ ಕಾಯ್ದೆ. ಅದರ ನಿಜವಾದ ಹೆಸರು ನಮ್ಮ ಕಚೇರಿಯ ಬೋರ್ಡಿನ ಮೇಲೆ ಎರಡು ಸಾಲು ಹಿಡಿಯುತ್ತದೆ, ಒಳಗಿನ ವಿಷಯ ಮಾತ್ರ ಸರಳ. ಹಾರಿಸಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಆದ್ದರಿಂದ ಹಾರಿಸಿ, ಆದರೆ ಯಾರನ್ನು ನೋಡಿದಿರೋ ಅವರಿಗೆ ತಿಳಿಸಿ. ಪ್ರತಿ ಡ್ರೋನಿನ ಕ್ಯಾಮೆರಾದೊಳಗೂ ಒಂದು ಚಿಪ್ ಕೂರಿಸಿದರು. ತೆಗೆದ ವಿಡಿಯೋ ಮೊದಲು ಜಿಲ್ಲಾ ನೋಟ ಸೂಚನಾ ಕೇಂದ್ರಕ್ಕೆ ಬರಬೇಕು. ಅಲ್ಲಿನ ಯಂತ್ರ ಅದರೊಳಗಿನ ಮುಖಗಳನ್ನು ನೋಂದಣಿಯ ಮುಖಗಳ ಜೊತೆ ಹೋಲಿಸಿ ಒಬ್ಬೊಬ್ಬರ ಮೊಬೈಲಿಗೂ ಸೂಚನೆ ಕಳಿಸುತ್ತದೆ. 'ನಿಮ್ಮನ್ನು ನೋಡಲಾಗಿದೆ' ಎಂದು ಶುರುವಾಗುತ್ತದೆ. ತೆರೆದರೆ ಯಾರು ನೋಡಿದ್ದು, ಯಾವ ಊರು, ಯಾವ ಜಾಗ, ಎಷ್ಟು ಗಂಟೆ, ಜೊತೆಗೆ ಚಿತ್ರ. ಕೆಳಗೆ ಮೂರು ಗುಂಡಿ: 'ಇರಲಿ', 'ಅಳಿಸಿ', 'ಇದು ನಾನಲ್ಲ'. ಒಂದು ದಿನದೊಳಗೆ ಅಳಿಸಿ ಎಂದರೆ ಸಾಕು, ಹಾರಿಸಿದವನ ಕೈಗೆ ನಿಮ್ಮ ಚಿತ್ರ ಸಿಗುವುದಿಲ್ಲ. ನೀವಿದ್ದ ಜಾಗದಲ್ಲಿ ಒಂದು ಬೂದು ಮಚ್ಚೆ ಇರುತ್ತದೆ.

ಇದಕ್ಕೆಲ್ಲ ಮೊದಲು ಜನರ ಮುಖಗಳು ನೋಂದಣಿ ಆಗಬೇಕಲ್ಲ, ಆ ಕೆಲಸಕ್ಕೆ ಮನೆ ಮನೆ ಸುತ್ತಿದವರಲ್ಲಿ ನಾನೂ ಒಬ್ಬಳು. ನನ್ನ ಹೆಸರು ಸರ್ವಮಂಗಳ. ದಿನಕ್ಕೆ ಅರವತ್ತು ಮನೆ ಮುಗಿಸಬೇಕಿತ್ತು. ಬಾಗಿಲಲ್ಲಿ ನಿಂತು ಮುಖದ ಫೋಟೋ ತೆಗೆಯುವುದು, ಹೆಸರು ಬರೆಯುವುದು, ಮೊಬೈಲ್ ನಂಬರ್ ಹಾಕುವುದು, ಆ ನಂಬರಿಗೆ ಬಂದ ಓಟಿಪಿ ಕೇಳಿ ಒತ್ತುವುದು. ಗಂಡಸು ಜಗಲಿಯ ಮೇಲೆ ಫೋನ್ ಹಿಡಿದೇ ಕೂತಿರುತ್ತಿದ್ದ. ಹೆಂಗಸು, "ನಂದೂ ಒಂದು ಫೋನ್ ಐತೆ ಕಣಕ್ಕ, ಒಳಗೆ ಚಾರ್ಜಿಗೆ ಹಾಕಿವ್ನಿ, ತತ್ತೀನಿ ಇರಿ," ಎನ್ನುತ್ತಿದ್ದಳು. ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ಮನೆ ಮುಗಿಯುತ್ತದೆ. "ಇರ್ಲಿ ಬಿಡಮ್ಮ, ರೇಷನ್ ಕಾರ್ಡಲ್ಲಿರೋ ನಂಬರೇ ಹಾಕ್ತೀನಿ, ಒಂದೇ ಮನೆ ತಾನೆ," ಎನ್ನುತ್ತಿದ್ದೆ. ಗ್ಯಾಸಿಗೂ ಅದೇ ನಂಬರು, ಬ್ಯಾಂಕಿಗೂ ಅದೇ ನಂಬರು. ಹತ್ತು ಮನೆಯಲ್ಲಿ ಒಂಬತ್ತು ಹೀಗೇ ಆಯಿತು. ತರಬೇತಿ ಕೊಟ್ಟವರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ನನಗೂ ಕಾಣಲಿಲ್ಲ.

ನೋಂದಣಿ ಮುಗಿದ ಮೇಲೆ ನಮ್ಮಲ್ಲಿ ಹನ್ನೆರಡು ಜನರನ್ನು ಕೇಂದ್ರದಲ್ಲೇ ಇಟ್ಟುಕೊಂಡರು. ಯಂತ್ರಕ್ಕೆ ಗ್ಯಾರಂಟಿ ಇರುವ ಮುಖಗಳಿಗೆ ಅದೇ ಸೂಚನೆ ಕಳಿಸುತ್ತದೆ. ಅನುಮಾನದ ಮುಖಗಳು ನಮ್ಮ ಪರದೆಗೆ ಬರುತ್ತವೆ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರು, ಅಯ್ಯಪ್ಪನ ಮಾಲೆ ಹಾಕಿ ಗಡ್ಡ ಬಿಟ್ಟವರು, ಅರಿಶಿನದಲ್ಲಿ ಮುಳುಗಿದ ಮದುಮಕ್ಕಳು. ಎಡಗಡೆ ಡ್ರೋನು ಕಂಡ ಮುಖ, ಬಲಗಡೆ ನೋಂದಣಿಯ ಮುಖ. ನಲವತ್ತು ಸೆಕೆಂಡಿನಲ್ಲಿ 'ಹೌದು', 'ಅಲ್ಲ', 'ಬೇರೆಯವರು' ಇವುಗಳಲ್ಲಿ ಒಂದನ್ನು ಒತ್ತಬೇಕು. ದಿನಕ್ಕೆ ಐನೂರು ಮುಖ. ಸಂಜೆ ಬಸ್ಸಿನಲ್ಲಿ ಯಾರ ಮುಖ ನೋಡುವುದಕ್ಕೂ ಬೇಜಾರಾಗಿ ನಾನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ.

ಪ್ರಮೀಳ ಬಂದದ್ದು ಒಂದು ಗುರುವಾರ, ಊಟದ ಹೊತ್ತಿಗೆ. ಹೊರಗಿನ ಕೌಂಟರಿನಲ್ಲಿ ಕೂರುವ ಸರದಿ ಅವತ್ತು ನನ್ನದು. ನಲವತ್ತು ದಾಟಿದ ಹೆಂಗಸು, ಸೆರಗನ್ನು ಮೂಗಿನವರೆಗೂ ಎಳೆದುಕೊಂಡಿದ್ದಳು. ಸೀರೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

"ನಂಬರ್ ಬದ್ಲಾಯ್ಸಿಕೊಡ್ಬೇಕಿತ್ತು ಮೇಡಮ್ಮೋರೆ," ಎಂದಳು. "ನನ್ ಮುಖ ನಮ್ ಯಜಮಾನ್ರ ಫೋನಿಗೆ ಸೇರ್ಕಂಡೈತೆ. ಅದನ್ನ ತೆಗ್ದು ನನ್ ಫೋನಿಗೆ ಹಾಕ್ಕೊಡಿ."

"ಹಾಕೋಣ. ಹಳೇ ನಂಬರಿಗೆ ಒಂದು ಓಟಿಪಿ ಹೋಗುತ್ತೆ, ಅದನ್ನ ಹೇಳಿ."

"ಹಳೇ ನಂಬರ್ ಆವಯ್ಯನ ತಾವೇ ಐತೆ."

"ಫೋನ್ ಮಾಡಿ ಕೇಳಿ ಮತ್ತೆ."

"ಕೇಳೋ ಹಂಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?" ಎಂದು ಎಡಗೈಯನ್ನು ಕೌಂಟರಿನ ಮೇಲಿಟ್ಟಳು. ಮಣಿಕಟ್ಟಿನ ಮೂಳೆ ಓರೆಯಾಗಿ ಕೂಡಿಕೊಂಡಿತ್ತು. "ಇದು ಅವ್ನು ಮುರ್ದಿದ್ದು. ಆಮೇಲೆ ಮನೆ ಬಿಟ್ಟೆ. ಗುಬ್ಬೀಲಿ ನಮ್ ದೊಡ್ಡಮ್ಮನ ಮಗಳ ಮನೇಲಿದ್ದೆ. ಎದುರುಗಡೆ ಮನೆಯೋರು ಗೃಹಪ್ರವೇಶ ಮಾಡಿದ್ರು, ಅದೇನೋ ಹಾರ್ಸಿದ್ರು. ಸಾಯಂಕಾಲಕ್ಕೆ ಸರಿಯಾಗಿ ಬಾಗ್ಲಲ್ಲಿ ನಿಂತವ್ನೆ, ಕೈಯಾಗೆ ಫೋನ್ ಹಿಡ್ಕಂಡು. 'ನೀನಿಲ್ಲಿದ್ದೀಯ ಅಂತ ಸರ್ಕಾರನೇ ಹೇಳ್ತು ಕಣೇ' ಅಂದ."

ನಾನು ಕುರ್ಚಿ ತೋರಿಸಿದೆ. ಅವಳು ಕೂರದೆ ಮುಂದುವರಿಸಿದಳು.

"ಅಲ್ಲಿಂದ ಮದ್ವೆ ಅಡ್ಗೆಯೋರ ಜೊತೆ ಸೇರ್ಕಂಡೆ. ಊರೂರು ತಿರುಗ್ತೀವಿ, ಒಂದು ಕಡೆ ನಿಲ್ಲಲ್ಲ, ಸಿಗಾಕಿಕೊಳ್ಳಲ್ಲ ಅಂದ್ಕಂಡೆ. ಈಗ ಡ್ರೋನ್ ಇಲ್ದಲೆ ಯಾವ ಮದ್ವೆ ನಡೀತೈತೆ ಹೇಳಿ. ತುರುವೇಕೆರೆ ಛತ್ರಕ್ಕೂ ಬಂದ. ಹಿಂದ್ಗಡೆ ಬಾಗ್ಲಿಂದ ಓಡಿದ್ದಕ್ಕೆ ಉಳ್ಕಂಡೆ. ಇನ್ನೊಂದ್ಸಲ ಸಿಕ್ಕಿದ್ರೆ ಸಾಯಿಸ್ತೀನಿ ಅಂದವ್ನೆ. ಸ್ಟೇಷನ್ನಿಗೆ ಹೋಗಿದ್ದೆ, ಗಂಡ ಹೆಂಡ್ತಿ ಜಗಳ ಅಂತ ರಾಜಿ ಮಾಡ್ಸಿ ಕಳ್ಸಿದ್ರು. ನೀವಾದ್ರೂ ಏನಾದ್ರೂ ಮಾಡಿ ಅಕ್ಕ."

ನಮ್ಮ ಅಧಿಕಾರಿ ದೇವೇಂದ್ರಪ್ಪ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದರು. ಕೆಟ್ಟ ಮನುಷ್ಯ ಅಲ್ಲ. ಪೂರ್ತಿ ಕೇಳಿಸಿಕೊಂಡರು, ಮುಖ ಸಣ್ಣದು ಮಾಡಿಕೊಂಡರು, ನಿಯಮದ ಪುಸ್ತಕವನ್ನೂ ತೆರೆದು ನೋಡಿದರು. ನಂಬರ್ ಬದಲಾಯಿಸಲು ಹಳೆಯ ನಂಬರಿನ ಓಟಿಪಿ ಬೇಕು. ಅದಿಲ್ಲದಿದ್ದರೆ ಮನೆ ಯಜಮಾನರ ಸಹಿ ಬೇಕು, ಅದೂ ಇಲ್ಲದಿದ್ದರೆ ಕೋರ್ಟಿನ ಆದೇಶ. ನೋಂದಣಿಯನ್ನೇ ತೆಗೆದುಹಾಕಿ ಎಂದರೂ ಅದೇ ಓಟಿಪಿ. ಬೇರೆ ಯಾರೋ ಬಂದು ಇನ್ನೊಬ್ಬರ ಮುಖ ಕದಿಯಬಾರದೆಂದು ಇಷ್ಟೆಲ್ಲ ಬಿಗಿ.

"ಒಂದು ಕೋರ್ಟ್ ಆರ್ಡರ್ ತಂದ್ಬಿಡಿ ತಾಯಿ," ಎಂದರು. "ಅರ್ಧ ಗಂಟೇಲಿ ನಾನೇ ಕೂತು ಮಾಡ್ಕೊಡ್ತೀನಿ."

"ಎಷ್ಟು ದಿನ ಆಗುತ್ತೆ ಸಾರ್ ಅದು?"

"ಅದು ಕೋರ್ಟಿಗೆ ಬಿಟ್ಟಿದ್ದು. ಆರು ತಿಂಗಳು, ಎಂಟು ತಿಂಗಳು..."

ಅವಳು ಅರ್ಜಿಯ ನಮೂನೆಯನ್ನು ನಾಲ್ಕಾಗಿ ಮಡಚಿ ರವಿಕೆಯೊಳಗಿಟ್ಟುಕೊಂಡು ಹೊರಟಳು. ಬಾಗಿಲ ಹತ್ತಿರ ನಿಂತು, ಸೆರಗು ಸರಿಮಾಡಿಕೊಂಡು, ಆಕಾಶ ನೋಡಿ ಬೀದಿಗಿಳಿದಳು. ಮಳೆ ಬರುತ್ತದೋ ಎಂದು ನೋಡುವವರ ಹಾಗೆಯೇ ಕಾಣುತ್ತಿತ್ತು.

ಅವಳು ಹೋದ ಮೇಲೆ ನಾನು ಅವಳ ದಾಖಲೆ ತೆರೆದೆ. ಹೆಸರು, ಫೋಟೋ, ಗಂಡನ ನಂಬರು. ಎಲ್ಲಕ್ಕಿಂತ ಕೆಳಗೆ ನೋಂದಾಯಿಸಿದವರ ಸಂಕೇತ ಇರುತ್ತದೆ. ನಾನೂರ ಹದಿನೇಳು. ಅದು ನನ್ನ ಸಂಕೇತ. ಅವಳ ಬಾಗಿಲಲ್ಲಿ ನಿಂತದ್ದು, ಫೋಟೋ ತೆಗೆದದ್ದು, ಅವಳ ಜೊತೆ ಮಾತಾಡಿದ್ದು, ಏನೇನೂ ನೆನಪಿಗೆ ಬರಲಿಲ್ಲ. ನೆನಪಿದ್ದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ನಮ್ಮ ಯಜಮಾನರು ಸಿದ್ದಗಂಗಯ್ಯನವರು ಗುಬ್ಬಿ ಗೇಟಿನ ಹತ್ತಿರ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಮಾತು ಕಡಿಮೆ. ಸುಟ್ಟ ಮೋಟರಿನ ತಾಮ್ರದ ತಂತಿ ಬಿಚ್ಚಿ, ಎಷ್ಟು ಸುತ್ತು ಇತ್ತೋ ಅಷ್ಟೇ ಸುತ್ತು ಹೊಸ ತಂತಿ ಸುತ್ತುವ ಕೆಲಸ. ಒಂದು ಸುತ್ತು ತಪ್ಪಿದರೂ ಮೊದಲಿನಿಂದ ಬಿಚ್ಚುತ್ತಾರೆ. ಮಗಳು ಮದುವೆಯಾಗಿ ಹಾಸನದಲ್ಲಿದ್ದಾಳೆ, ಮನೆಯಲ್ಲಿ ನಾವಿಬ್ಬರೇ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಪ್ರಮೀಳಳ ವಿಷಯ ಹೇಳಿದೆ.

ಅವರು ಮುದ್ದೆ ಮುರಿಯುತ್ತ, "ಕಾನೂನು ಅಂದ್ಮೇಲೆ ಒಬ್ಬೊಬ್ಬರಿಗೆ ಒಂದೊಂದು ಥರ ಮಾಡಕ್ಕಾಗಲ್ಲ," ಎಂದರು.

"ನಾನೇ ರೀ ಆ ನಂಬರ್ ಹಾಕಿದ್ದು."

"ಎಲ್ಲರಿಗೂ ಹಾಗೇ ಹಾಕಿದ್ದಲ್ವ?"

"ಎಲ್ಲರಿಗೂ ಹಾಗೇ ಹಾಕಿದೆ."

ಅವರು ಸಾರು ಬಡಿಸಿಕೊಂಡರು. ನನಗೆ ಅವತ್ತು ಊಟ ಸೇರಲಿಲ್ಲ.

ನಾಲ್ಕು ದಿನ ಕಳೆದು ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅವಳು ನನ್ನ ಪರದೆಯ ಮೇಲೆ ಬಂದಳು. ಅನುಮಾನದ ಮುಖ ಮೊದಲು ಅದನ್ನು ನೋಂದಾಯಿಸಿದವರಿಗೇ ಬರುತ್ತದೆ, ಕಣ್ಣಾರೆ ಕಂಡವರು ಬೇಗ ಗುರುತು ಹಿಡಿಯುತ್ತಾರೆಂದು ಹಾಗೆ ವ್ಯವಸ್ಥೆ ಮಾಡಿದ್ದರು. ಕಡೂರಿನ ಒಂದು ಕಲ್ಯಾಣ ಮಂಟಪ. ಡ್ರೋನು ಮದುವೆ ದಿಬ್ಬಣವನ್ನು ಹಿಡಿಯುತ್ತ ಹಿಂದಕ್ಕೆ ಸರಿದಾಗ ಹಿತ್ತಲಿನ ಅಡುಗೆ ಚಪ್ಪರವೂ ಸಿಕ್ಕಿಬಿಟ್ಟಿತ್ತು. ಈಳಿಗೆಮಣೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದ ಹೆಂಗಸು ತಲೆ ಎತ್ತಿ ನೇರ ಕ್ಯಾಮೆರಾ ನೋಡಿದ್ದಳು. ಒಲೆಯ ಹೊಗೆ ಅಡ್ಡ ಬಂದದ್ದರಿಂದ ಯಂತ್ರಕ್ಕೆ ನೂರಕ್ಕೆ ಎಪ್ಪತ್ತೊಂದರಷ್ಟು ಮಾತ್ರ ನಂಬಿಕೆ. ನನಗೆ ಆ ಓರೆ ಮಣಿಕಟ್ಟು ಕಂಡಿತು.

ನಲವತ್ತು ಸೆಕೆಂಡು. 'ಹೌದು' ಎಂದರೆ ಅರೆಗಳಿಗೆಯಲ್ಲಿ ಅವಳ ಗಂಡನ ಫೋನು ಸದ್ದು ಮಾಡುತ್ತದೆ. ಮದುವೆ ಊಟ ಮುಗಿದು, ಪಾತ್ರೆ ತೊಳೆದು, ವ್ಯಾನಿಗೆ ತುಂಬುವುದು ಸಂಜೆ. ಅಷ್ಟರೊಳಗೆ ಅವನು ಕಡೂರು ತಲುಪುತ್ತಾನೆ. 'ಅಲ್ಲ' ಎಂದರೆ ಅದು ನೋಂದಣಿ ಇಲ್ಲದ ಮುಖ ಎಂದಾಗುತ್ತದೆ, ಅಲ್ಲಿನ ಸಿಬ್ಬಂದಿಯೊಬ್ಬರು ಹುಡುಕಿಕೊಂಡು ಹೋಗಿ ಅವಳ ರೇಷನ್ ಕಾರ್ಡ್ ಕೇಳುತ್ತಾರೆ. ಅದರಲ್ಲಿರುವುದು ಅದೇ ನಂಬರು. ಸುಮ್ಮನಿದ್ದರೆ ಪಕ್ಕದ ಪರದೆಗೆ ಹೋಗುತ್ತದೆ, ಅವರು ಹೌದು ಎನ್ನುತ್ತಾರೆ.

ಉಳಿದದ್ದು 'ಬೇರೆಯವರು'. ಅದನ್ನು ಒತ್ತಿದರೆ ಯಾರೆಂದು ನೋಂದಣಿ ಸಂಖ್ಯೆ ಕೊಡಬೇಕು. ಆ ಮುಖವನ್ನು ಯಂತ್ರ ಅವರ ಹೊಸ ಚಹರೆ ಎಂದು ಸೇರಿಸಿಕೊಂಡು, ಹಳೆಯ ದಾಖಲೆಯಿಂದ ಬಿಡಿಸುತ್ತದೆ. ಆಮೇಲೆ ಎಲ್ಲಿ ಕಂಡರೂ ಅದು ಅವರದೇ ಮುಖ. ನನಗೆ ಬಾಯಿಪಾಠ ಇರುವ ನೋಂದಣಿ ಸಂಖ್ಯೆ ಒಂದೇ, ನನ್ನದು.

ಒತ್ತಿದೆ. ನನ್ನ ದಾಖಲೆ ತೆರೆಯಿತು. ಫೋಟೋದಲ್ಲಿ ನಾನು, ಮೂರು ವರ್ಷ ಚಿಕ್ಕವಳು. ಅದರ ಪಕ್ಕದಲ್ಲಿ ಮೊಬೈಲ್ ನಂಬರ್. ಸಿದ್ದಗಂಗಯ್ಯನವರದು. ಗ್ಯಾಸಿಗೂ ಬ್ಯಾಂಕಿಗೂ ಇರುವ ನಂಬರು. ಮೊದಲ ದಿನ ತರಬೇತಿಯಲ್ಲಿ ನನ್ನ ಮುಖವನ್ನೇ ನಾನು ನೋಂದಾಯಿಸಿಕೊಂಡಾಗ ಕೈ ತಾನಾಗಿ ಅದನ್ನು ಒತ್ತಿರಬೇಕು. ಕೈಯಲ್ಲಿ ನನ್ನದೇ ಫೋನು ಇತ್ತಲ್ಲ ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ. ಯೋಚನೆ ಮಾಡಲು ಒಂಬತ್ತು ಸೆಕೆಂಡು ಉಳಿದಿತ್ತು. ಏಳನೆಯದಕ್ಕೆ ಖಚಿತಪಡಿಸಿದೆ. ಯಂತ್ರ ಒಪ್ಪಿಕೊಂಡು ಮುಂದಿನ ಮುಖ ತೋರಿಸಿತು. ಯಾರೋ ಮುಡಿ ಕೊಟ್ಟು ಬಂದವರು.

ಸಂಜೆ ಮನೆಗೆ ಹೋದಾಗ ಅವರು ಆಗಲೇ ಅಂಗಡಿ ಮುಚ್ಚಿ ಬಂದಿದ್ದರು. ಕಾಫಿ ಮಾಡಿ ಕೊಟ್ಟೆ, ಕುಡಿದರು. ಟಿವಿ ಹಾಕಿದರು. ನಾನು ಅವರೇಕಾಯಿ ಸುಲಿಯಲು ಕೂತೆ. ಒಂದು ಮೊರ ಸುಲಿದು ಮುಗಿಸಿದೆ. ಕೊನೆಗೆ ನಾನೇ ಕೇಳಿದೆ.

"ರೀ, ಫೋನಿಗೆ ಏನಾದ್ರೂ ಬಂತಾ?"

"ಬಂತು. ನೀನು ಕಡೂರಲ್ಲಿದ್ದೆ ಅಂತ."

"ಮತ್ತೆ, ಏನು ಅಂತ ಕೇಳ್ಲಿಲ್ಲ?"

"ಯಾವತ್ತು ಕೇಳಿದ್ದೀನಿ?"

ಮೊದಲು ನನಗೆ ಅರ್ಥವಾಗಲಿಲ್ಲ. ಅವರು ಟಿವಿಯ ಸದ್ದು ಸಣ್ಣ ಮಾಡಿ, ಫೋನನ್ನು ನನ್ನ ಮುಂದೆ ಇಟ್ಟರು. ಮೂರು ವರ್ಷದ ಸೂಚನೆಗಳು ಅಲ್ಲೇ ಇದ್ದವು, ಒಂದರ ಕೆಳಗೊಂದು. ನಾನು ಶನಿವಾರ ಕೆಲಸ ಬಿಟ್ಟು ಅಮಾನಿಕೆರೆಯ ಏರಿಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರುತ್ತೇನೆ. ಬಸ್ಸು ತಡ ಎಂದು ಮನೆಯಲ್ಲಿ ಹೇಳುತ್ತೇನೆ. ಅಷ್ಟೂ ಶನಿವಾರಗಳು ಅಲ್ಲಿದ್ದವು. ಅಕ್ಕನ ಮನೆಗೆ ಎಂದು ಹೇಳಿ ಒಬ್ಬಳೇ ದೋಸೆ ತಿನ್ನಲು ಹೋದದ್ದು ಇತ್ತು. ಹೋದ ವರ್ಷ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿ, ಯಾರಿಗೂ ಹೇಳದೆ ಸ್ಕ್ಯಾನ್ ಮಾಡಿಸಲು ಆಸ್ಪತ್ರೆಗೆ ಹೋಗಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಚೀಟಿ ಹಿಡಿದು ನಿಂತ ನನ್ನ ಚಿತ್ರ ಇತ್ತು. ಯಾವುದೋ ಸೈಟಿನವರ ಡ್ರೋನು.

"ಇದೂ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು. ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ನೀನು ಮೊದ್ಲಿನ ಹಾಗೆ ಊಟ ಮಾಡಕ್ಕೆ ಶುರು ಮಾಡ್ದೆ. ಏನೂ ಇಲ್ಲ ಅಂತ ಬಂದಿರ್ಬೇಕು ಅಂದ್ಕೊಂಡೆ."

ನನಗೆ ಸಿಟ್ಟು ಬಂತು. ಅಳುವೂ ಬಂತು. ಸ್ಕ್ಯಾನಿನ ರಿಪೋರ್ಟ್ ಬರುವ ತನಕ ಈ ಮನುಷ್ಯ ಹತ್ತು ದಿನ ನನ್ನ ತಟ್ಟೆ ನೋಡಿಕೊಂಡು ಕೂತಿದ್ದನಲ್ಲ ಎಂದು ಪಾಪವೂ ಅನ್ನಿಸಿತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಆ ಅರ್ಧ ಗಂಟೆಗಳು ನನ್ನವು ಎಂದು ತಿಳಿದಿದ್ದೆ. ದಿನಕ್ಕೆ ಐನೂರು ಜನಕ್ಕೆ ನಿಮ್ಮನ್ನು ನೋಡಲಾಗಿದೆ ಎಂದು ಹೇಳಿ ಕಳಿಸುವ ನನಗೆ ಅದನ್ನು ಯಾರೂ ಹೇಳಿರಲಿಲ್ಲ. ನನ್ನಂಥವಳನ್ನು ಯಾರು ನೋಡುತ್ತಾರೆ, ಅದಕ್ಕೇ ಏನೂ ಬರುವುದಿಲ್ಲ ಎಂದುಕೊಂಡಿದ್ದೆ.

ಆಮೇಲೆ ಕಡೂರಿನ ಮುಖ ಯಾರದೆಂದು ಹೇಳಿದೆ. ಅವರು ಚಿತ್ರವನ್ನು ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರು.

"ನಿನ್ ಹಾಗೆ ಇಲ್ವೇ ಇಲ್ಲ," ಎಂದರು. "ಬೆಳಿಗ್ಗೆ ನೋಡ್ದಾಗ ಹೊಗೇಲಿ ಗೊತ್ತಾಗಿರ್ಲಿಲ್ಲ." ಫೋನನ್ನು ಮಡಿಲಲ್ಲಿಟ್ಟುಕೊಂಡು, "ಇದು ತಪ್ಪು ಕೆಲ್ಸ ಕಣೆ ಸರ್ವಿ," ಎಂದರು. ಹಾಗೆಂದವರು 'ಇದು ನಾನಲ್ಲ' ಎಂಬ ಗುಂಡಿಯನ್ನು ಮಾತ್ರ ಒತ್ತಲಿಲ್ಲ.

ಎರಡು ತಿಂಗಳಲ್ಲಿ ನಾನು ಬೀರೂರಿನಲ್ಲಿ ಲಾಡು ಕಟ್ಟಿದೆ, ಅರಸೀಕೆರೆಯಲ್ಲಿ ಎಲೆ ತೊಳೆದೆ. ಹಾಗಂತ ಸೂಚನೆ ಬಂತು. ಅವರು ಊಟಕ್ಕೆ ಕೂತಾಗ, "ಇವತ್ತು ಅರಸೀಕೆರೆ," ಎನ್ನುತ್ತಿದ್ದರು. ಅದನ್ನು ಕೇಳಿದಾಗ ನನಗೆ ಒಂಥರಾ ನೆಮ್ಮದಿ, ಜೊತೆಗೇ ಒಂಥರಾ ಕಸಿವಿಸಿ. ಅವಳಿಗೆ ತಿಳಿಯದ ಹಾಗೆ, ಅವಳು ಎಲ್ಲಿದ್ದಾಳೆಂದು ಇನ್ನೂ ಒಬ್ಬ ಗಂಡಸಿಗೆ ಗೊತ್ತಾಗುತ್ತಲೇ ಇತ್ತು. ಅವನು ಒಳ್ಳೆಯ ಗಂಡಸು ಎಂಬುದಷ್ಟೇ ವ್ಯತ್ಯಾಸ.

ಮೂರನೇ ತಿಂಗಳಲ್ಲಿ ಬೆಂಗಳೂರಿನಿಂದ ಒಂದು ಪಟ್ಟಿ ಬಂತು. ಸರ್ಕಾರಿ ಕೆಲಸದವರು ಕಚೇರಿಯ ಹೊತ್ತಿನಲ್ಲಿ ಎಲ್ಲೆಲ್ಲಿ ಕಂಡಿದ್ದಾರೆಂದು ನೋಟದ ದಾಖಲೆಯನ್ನು ಹಾಜರಿ ಪುಸ್ತಕದ ಜೊತೆ ಹೋಲಿಸಿದ್ದರಂತೆ. ಜನರ ಖಾಸಗಿತನ ಕಾಪಾಡಲು ಕೂಡಿಟ್ಟ ದಾಖಲೆಯನ್ನು ಹೀಗೆ ಬಳಸಬಹುದೆಂದು ಯಾರಿಗೆ ಹೊಳೆಯಿತೋ. ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ಹದಿನಾಲ್ಕು ಹೆಸರು, ನನ್ನದು ಮೂರನೆಯದು. ಮೂರು ದಿನ ಹಾಜರಿ ಹಾಕಿಸಿ ಬೇರೆ ಊರಿಗೆ ಹೋದ ಆರೋಪ.

ದೇವೇಂದ್ರಪ್ಪ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಇದೇನ್ ಮೇಡಂ? ಈ ತಾರೀಖು ನೀವಿಲ್ಲೇ ಇದ್ರಿ. ನಿಮ್ ಮನೆ ಚಕ್ಕುಲಿ ತಿಂದಿದ್ದು ನಂಗೆ ನೆನಪಿದೆ."

"ಇಲ್ಲೇ ಇದ್ದೆ ಸರ್."

"ಹಾಗಂತ ಬರೆದು ಕೊಡೋಣ ಅಂದ್ರೆ ನಾನು ನೋಡಿದ್ದಕ್ಕೆ ಫೈಲಲ್ಲಿ ಜಾಗ ಇಲ್ಲ. ಡ್ರೋನ್ ನೋಡಿದ್ದಕ್ಕಿದೆ." ಅವರು ನಿಟ್ಟುಸಿರು ಬಿಟ್ಟರು. "ಸುಲಭ ಇದೆ. ಆ ಮುಖ ನಂದಲ್ಲ ಅಂತ ಉತ್ತರ ಕೊಡಿ. ಕೇಸ್ ಅಲ್ಲಿಗೇ ಮುಗೀತು."

"ಮುಗಿದ ಮೇಲೆ ಆ ಮುಖ ಎಲ್ಲಿಗೆ ಹೋಗುತ್ತೆ ಸರ್?"

"ಮೊದ್ಲು ಯಾರ ಜೊತೆ ಹೊಂದಿಕೆ ಆಗಿತ್ತೋ ಅವರಿಗೆ ವಾಪಸ್. ತಡವಾದ ಸೂಚನೆ ಅಂತ ಮೂರೂ ಚಿತ್ರ ಹೋಗುತ್ತೆ, ಅಡುಗೆ ಕಾಂಟ್ರಾಕ್ಟರ್ ವ್ಯಾನ್ ನಂಬರ್ ಸಮೇತ ಕಾಣ್ತಾ ಇದೆ." ಹೇಳುತ್ತ ಹೇಳುತ್ತ ಅವರ ಕಣ್ಣು ನನ್ನ ಮುಖದ ಮೇಲೆ ನಿಂತಿತು. ಕೌಂಟರಿನ ಆ ಗುರುವಾರ ಅವರಿಗೂ ನೆನಪಾಗಿರಬೇಕು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ನಂಗೇನೂ ಹೇಳ್ಬೇಡಿ," ಎಂದರು. "ಉತ್ತರ ನೋಂದಣಿಯಾದ ಫೋನಿಂದಲೇ ಬರ್ಬೇಕು. ನಾಳೆ ಯಜಮಾನ್ರನ್ನ ಕರ್ಕೊಂಡ್ ಬನ್ನಿ."

ಆ ಮುಖ ನನ್ನದಲ್ಲ ಎಂಬ ನಿಜ ಹೇಳುವುದಿದ್ದರೂ ಅದು ನನ್ನ ಬಾಯಿಂದ ಆಗುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ಬೇರೆ ಬೇರೆ ಯೋಜನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿದು, ಮುಂದಿನ ವರ್ಷ ಕಾಯಂ ಮಾಡುತ್ತಾರೆಂದು ಕಾಯುತ್ತಿದ್ದೆ. ರಾತ್ರಿ ಇದನ್ನೆಲ್ಲ ಅವರಿಗೆ ಹೇಳಿದೆ. ಹೀಗೆ ಮಾಡಿ ಎಂದು ಹೇಳಲಿಲ್ಲ. ಹೇಳಿದರೆ ಒಂದು ಹೆಂಗಸಿನ ಜೀವ ಅಥವಾ ನಮ್ಮ ಮನೆಯ 'ಕಾಯಂ' ಎಂಬ ಮಾತು, ಎರಡರಲ್ಲೊಂದನ್ನು ಅವರ ತಲೆಯ ಮೇಲೆ ಹೊರಿಸಿದ ಹಾಗಾಗುತ್ತಿತ್ತು. ಹೇಳದೆಯೂ ಹೊರಿಸಿದಂತೆಯೇ ಆಯಿತು.

ಮರುದಿನ ಅವರು ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದರು. ಉಗುರಿನ ಸಂದಿಯಲ್ಲಿ ಮೋಟರಿಗೆ ಬಳಿಯುವ ವಾರ್ನಿಶ್ ಹಾಗೇ ಇತ್ತು. ದೇವೇಂದ್ರಪ್ಪ ಮೂರು ಚಿತ್ರಗಳನ್ನು ಮೇಜಿನ ಮೇಲೆ ಹರಡಿ ಕೇಳಿದರು.

"ಸಿದ್ದಗಂಗಯ್ಯನೋರೆ, ಇದು ನಿಮ್ಮ ಹೆಂಡತೀನ?"

ಅವರು ನನ್ನ ಕಡೆ ನೋಡಲಿಲ್ಲ. ಒಂದು ಸುತ್ತು ತಪ್ಪಿದರೆ ಇಡೀ ಮೋಟರು ಬಿಚ್ಚುವ ಮನುಷ್ಯ. ಮೂರೂ ಚಿತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟರು.

"ಹೌದು ಸರ್, ನನ್ನ ಹೆಂಡತೀನೆ."

"ಸರಿಯಾಗಿ ನೋಡಿ."

"ಮೂವತ್ತು ವರ್ಷದಿಂದ ನೋಡ್ತಿದ್ದೀನಿ ಸರ್. ಅಡುಗೆ ಕೆಲ್ಸಕ್ಕೆ ಹೋಗ್ತಿದ್ಲು. ನಂಗೆ ಗೊತ್ತಿತ್ತು."

ಫೋನಿನಲ್ಲಿ ಮೂರು ಸಲ 'ಇರಲಿ' ಒತ್ತಿ, ಕಾಗದದ ಮೇಲೆ ಸಹಿ ಮಾಡಿದರು. ನನ್ನ ಕುರ್ಚಿ ಆ ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿತ್ತು, ನನ್ನ ಶಾಲು ಅದರ ಬೆನ್ನಿಗೆ ಹಾಕಿದ್ದು ಹಾಗೇ ಇತ್ತು. ಆ ಮೂರೂ ದಿನ ಅಲ್ಲೇ ಕೂತಿದ್ದವಳು ಫೈಲಿನ ಪ್ರಕಾರ ಎಲ್ಲೋ ಬದನೆಕಾಯಿ ಹೆಚ್ಚುತ್ತಿದ್ದಳು. ಗುತ್ತಿಗೆ ರದ್ದಾದ ಪತ್ರ ಆ ವಾರವೇ ಬಂತು. ದೇವೇಂದ್ರಪ್ಪ ಅದನ್ನು ಕೈಗೆ ಕೊಡುವಾಗ ತಲೆ ಎತ್ತಲಿಲ್ಲ.

ಪತ್ರ ಇಸಿದುಕೊಂಡು ಹೊರಗೆ ಬಂದಾಗ, ಅವತ್ತೂ ಜೊತೆಗೆ ಬಂದಿದ್ದ ನಮ್ಮವರು ಮನೆಯ ಕಡೆ ಹೊರಡದೆ ಕೌಂಟರಿನ ಸಾಲಿನಲ್ಲಿ ನಿಂತರು. ನಮ್ಮ ಮುಂದೆ ಆರು ಜನ ಇದ್ದರು.

"ಇಲ್ಲೇನ್ರೀ ಇನ್ನು?"

"ನಂಬರ್ ಬದ್ಲಾಯ್ಸೋಣ. ನಿಂದು ನಿನ್ ಫೋನಿಗೆ ಬರ್ಲಿ." ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದು, "ಆಯಮ್ಮ ಎಲ್ಲವ್ಳೆ ಅಂತ ನಂಗ್ಯಾಕೆ ಗೊತ್ತಾಗ್ಬೇಕು? ನೀನು ಕೆರೆ ಏರಿ ಮೇಲೆ ಕೂತ್ಕೊಳ್ಳೋದೂ ನಂಗ್ಯಾಕೆ ಗೊತ್ತಾಗ್ಬೇಕಿತ್ತು? ಮೊದ್ಲೇ ಹೇಳ್ಬೇಕಿತ್ತು ನಾನು. ದಿನಾ ನೋಡಿ ನೋಡಿ ಅಭ್ಯಾಸ ಆಗೋಯ್ತು," ಎಂದರು.

ನಮ್ಮ ಸರದಿ ಬಂದಾಗ ಓಟಿಪಿ ಅವರ ಫೋನಿಗೆ ಬಂತು. ಕನ್ನಡಕ ಏರಿಸಿಕೊಂಡು ಆರು ಅಂಕಿಗಳನ್ನು ಒಂದೊಂದಾಗಿ, ಜೋರಾಗಿ ಓದಿದರು. ಕೌಂಟರಿನ ಹುಡುಗಿ ಅಷ್ಟು ಜೋರಾಗಿ ಬೇಡ ಅಂಕಲ್ ಎಂದು ನಕ್ಕಳು.

ನನ್ನ ಫೋನಿಗೆ ಮೊದಲ ಸೂಚನೆ ಬಂದದ್ದು ಹನ್ನೆರಡು ದಿನದ ಮೇಲೆ, ಮಧ್ಯಾಹ್ನ. ಅಂಗಡಿಯಲ್ಲಿ ಅವರಿಗೆ ಊಟ ಕೊಟ್ಟು, ಸುಟ್ಟ ಮೋಟರಿನಿಂದ ತಂತಿ ಬಿಚ್ಚುವುದನ್ನು ಕಲಿಯುತ್ತ ಕೂತಿದ್ದೆ. ಪರದೆಯ ಮೇಲೆ ಒಂದೇ ಸಾಲು, ನಿಮ್ಮನ್ನು ನೋಡಲಾಗಿದೆ. ಅದರ ಕೆಳಗೆ ಮೂರು ಗುಂಡಿ. ಬೆರಳು ಆ ಸಾಲಿನ ಮೇಲೇ ನಿಂತಿತು. ಬೆಳಗಿನಿಂದ ನಾನು ಅಂಗಡಿಯೊಳಗೇ ಇದ್ದೆ, ಕಂಡದ್ದು ಪ್ರಮೀಳಳೇ ಇರಬೇಕು. ತೆರೆದರೆ ಅವಳು ಯಾವ ಊರಿನಲ್ಲಿದ್ದಾಳೆಂದು ಗೊತ್ತಾಗುತ್ತದೆ, ಕೈ ಸರಿಹೋಗಿದೆಯೋ, ಮೈ ಕೈ ತುಂಬಿಕೊಂಡಿದ್ದಾಳೋ ಕಾಣುತ್ತದೆ. ಅವಳಿಗಾಗಿ ಕೆಲಸ ಕಳೆದುಕೊಂಡವಳಿಗೆ ಅಷ್ಟು ನೋಡುವ ಹಕ್ಕಾದರೂ ಇಲ್ಲವೇ ಎನ್ನಿಸಿತು. ನೋಡಬೇಕೆಂಬ ಆಸೆ ನಿಜವಾಗಿಯೂ ಇತ್ತು.

ಅವರು ಎದುರಿಗೆ ಊಟ ಮಾಡುತ್ತಿದ್ದರು. ಫೋನು ಸದ್ದು ಮಾಡಿದ್ದು ಕೇಳಿಸಿತ್ತು. ಏನು ಎಂದು ಕೇಳಲಿಲ್ಲ, ಉಪ್ಪಿನಕಾಯಿ ಕಡೆ ನೋಡುತ್ತ ಕೂತರು.

ನಾನು ತೆರೆಯದೆಯೇ 'ಅಳಿಸಿ' ಒತ್ತಿದೆ. ಯಾವುದೋ ಊರಿನ ಯಾರದೋ ಮದುವೆಯ ವಿಡಿಯೋದಲ್ಲಿ, ಅಡುಗೆ ಚಪ್ಪರದ ಕೆಳಗೆ, ಒಂದು ಬೂದು ಮಚ್ಚೆ ಕೂತಿರುತ್ತದೆ. ಅವಳು ಎಲ್ಲಿದ್ದಾಳೆಂದು ಈಗ ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ.